ವೇಲಾ ಎಕ್ಸ್-1 ಇದ್ದಕ್ಕಿದ್ದಂತೆ ಮಂಕಾಗೋದು ಯಾಕೆ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಕೊನೇ ವರ್ಷ. ವೇಲಾ ಎಕ್ಸ್-1 ಜೋಡಿ ನಕ್ಷತ್ರದ ಎಕ್ಸ್-ರೇ ಗ್ರಾಫ್ ನೋಡಿದೆ. ಜೋರಾಗಿ ಭುಗಿಲೇಳುತ್ತದೆ, ಸ್ವಲ್ಪ ಹೊತ್ತಿಗೇ ಪೂರ್ತಿ ಕುಸಿಯುತ್ತದೆ. ಇದು ಗ್ರಹಣ ಅಲ್ವಾ?

ಉತ್ತರ: ಗ್ರಹಣವೂ ಇದೆ, ಆದರೆ ನೀವು ನೋಡಿದ್ದು ಅದಲ್ಲ. ಅಲ್ಲಿ ಸೂರ್ಯನ ಇಪ್ಪತ್ತು ಪಟ್ಟಿಗೂ ಜಾಸ್ತಿ ತೂಕದ ನೀಲಿ ದೈತ್ಯ ನಕ್ಷತ್ರವಿದೆ. ಪುಟ್ಟ ನ್ಯೂಟ್ರಾನ್ ನಕ್ಷತ್ರವೊಂದು (ಸಿಡಿದು ಸತ್ತ ನಕ್ಷತ್ರದ ದಟ್ಟ ತಿರುಳು) 8.96 ದಿನಕ್ಕೊಮ್ಮೆ ಅದನ್ನು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಎರಡು ದಿನದ ಹತ್ತಿರ ದೈತ್ಯನ ಹಿಂದೆ ಮರೆಯಾಗುತ್ತದೆ. ಆ ಹೊತ್ತನ್ನು ಮೊದಲೇ ಲೆಕ್ಕ ಹಾಕಬಹುದು. ನಿಮ್ಮ ಗ್ರಾಫಿನ ಕುಸಿತ ಹೇಳದೆ ಕೇಳದೆ ಬರುವಂಥದ್ದು.

ದೈತ್ಯನ ಮೈಯಿಂದ ಸದಾ ಅನಿಲ ಹೊರಗೆ ಬೀಸುತ್ತಿರುತ್ತದೆ, ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ. ನ್ಯೂಟ್ರಾನ್ ನಕ್ಷತ್ರ ಆ ಗಾಳಿಯೊಳಗೇ ಓಡಾಡುತ್ತಾ ಅದನ್ನು ಎಳೆದುಕೊಳ್ಳುತ್ತದೆ. ಬಿದ್ದ ಅನಿಲವೇ ಎಕ್ಸ್-ರೇ ಆಗಿ ಹೊಳೆಯುವುದು. ಗಾಳಿ ಒಂದೇ ಸಮ ಇರುವುದಿಲ್ಲ, ಗಂಟು ಗಂಟಾಗಿರುತ್ತದೆ. ದಟ್ಟ ಗಂಟು ಸಿಕ್ಕರೆ ಭುಗಿಲು. ತೆಳುವಾದರೆ ನ್ಯೂಟ್ರಾನ್ ನಕ್ಷತ್ರಕ್ಕೆ ಊಟ ಕಡಿಮೆ, ಹೊಳಪೂ ಕಡಿಮೆ.

ಪ್ರಶ್ನೆ: ಹಾಗಾದರೆ ಗಂಟು ಇಲ್ಲದಾಗ ಮಂಕು, ಅಷ್ಟೇನಾ?

ಉತ್ತರ: ಅಷ್ಟೇ ಅಂದರೆ ಸಾಲದು. ಇಲ್ಲೇ ನಿಜವಾದ ಮಜಾ ಇರುವುದು. ಐಜಿಆರ್ ಜೆ17544-2619 ಎಂಬ ಇನ್ನೊಂದು ಜೋಡಿಯನ್ನು ನೋಡಿ. 2003ರಲ್ಲಿ ಯುರೋಪಿನ ಇಂಟೆಗ್ರಲ್ ಉಪಗ್ರಹ ಕಂಡದ್ದು. ಅಲ್ಲೂ ಅಂಥದ್ದೇ ದೈತ್ಯ, ಸುತ್ತು ಇನ್ನೂ ಚಿಕ್ಕದು, 4.9 ದಿನ. ಆದರೂ ಬಹುಪಾಲು ಕಾಲ ಅದು ಸುಮ್ನೆ ಇರುತ್ತದೆ. ಭುಗಿಲೆದ್ದಾಗ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಹೊಳೆಯುತ್ತದೆ. ಬರೀ ಗಂಟುಗಳಿಂದ ಇಷ್ಟು ಅಂತರ ಬರುವುದಿಲ್ಲ. ಬಾಗಿಲು ಹಾಕುವವರು ಯಾರೋ ಇರಬೇಕು.

ಒಂದು ವಾದ: ಬೀಳುವ ಅನಿಲದ ಒತ್ತಡ ಇಳಿದಾಗ ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರ ಹಿಗ್ಗಿ ಅನಿಲವನ್ನು ಹೊರಗೇ ತಡೆಯುತ್ತದೆ. ಇನ್ನೊಂದು: ಅನಿಲ ಕಾಂತಕ್ಷೇತ್ರದ ಮೇಲೆ ಬಿಸಿ ಪದರವಾಗಿ ಕೂತಿರುತ್ತದೆ, ಆರಿದಷ್ಟೇ ಒಳಗೆ ಇಳಿಯುತ್ತದೆ. ಈ ಜಗಳ ಇನ್ನೂ ಮುಗಿದಿಲ್ಲ. ಭುಗಿಲಿಗೆ ಎಲ್ಲರೂ ಬೆರಗಾಗುತ್ತಾರೆ. ನನ್ನ ಮಟ್ಟಿಗೆ ಮೌನದ ಹೊತ್ತೇ ಜಾಸ್ತಿ ಕಲಿಸುತ್ತದೆ.

ಪ್ರಶ್ನೆ: ಊಟ ನಿಂತಿದೆಯೋ, ಅಡ್ಡ ಏನಾದರೂ ಬಂದಿದೆಯೋ, ಗೊತ್ತಾಗೋದು ಹೇಗೆ?

ಉತ್ತರ: ಒಳ್ಳೇ ಪ್ರಶ್ನೆ. ದಟ್ಟ ಅನಿಲ ಅಡ್ಡ ಬಂದರೆ ಕಡಿಮೆ ಶಕ್ತಿಯ ಎಕ್ಸ್-ರೇ ಮಾತ್ರ ತಡೆಯುತ್ತದೆ, ಹೆಚ್ಚು ಶಕ್ತಿಯವು ತೂರಿಕೊಂಡು ಬರುತ್ತವೆ. ಎರಡೂ ಒಟ್ಟಿಗೆ ಬಿದ್ದರೆ ಊಟವೇ ಕಡಿಮೆಯಾಗಿರಬೇಕು. ಆಮೇಲೆ ಮಿಡಿತ ನೋಡಿ. ವೇಲಾ ಎಕ್ಸ್-1ರ ನ್ಯೂಟ್ರಾನ್ ನಕ್ಷತ್ರಕ್ಕೆ ತನ್ನ ಸುತ್ತ ತಿರುಗಲು ಸುಮಾರು 283 ಸೆಕೆಂಡ್ ಬೇಕು, ಎಕ್ಸ್-ರೇ ಹೊಳಪೂ ಅದೇ ಲಯದಲ್ಲಿ ಏರಿಳಿಯುತ್ತದೆ. ಜಪಾನಿನ ಸುಜಾಕು ಉಪಗ್ರಹ ಮಂಕಿನ ಹೊತ್ತಿನಲ್ಲೂ ಆ ಮಿಡಿತ ಹಿಡಿದಿತ್ತು. ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಸ್ವಲ್ಪ ಅನಿಲ ಸೋರುತ್ತಲೇ ಇತ್ತು.

ನೀವೇ ಮಾಡಿ ನೋಡಬಹುದು. 2015ರಲ್ಲಿ ಇಸ್ರೋ ಹಾರಿಸಿದ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಅದರ ಲ್ಯಾಕ್ಸ್‌ಪಿಸಿ ಉಪಕರಣ 3ರಿಂದ 80 ಕೆಇವಿವರೆಗೆ (ಕೆಇವಿ ಅಂದರೆ ಎಕ್ಸ್-ರೇ ಶಕ್ತಿಯ ಅಳತೆ) ನೋಡುತ್ತದೆ. 10 ಕೆಇವಿ ಕೆಳಗಿನದು, ಮೇಲಿನದು, ಎರಡು ಗ್ರಾಫ್ ಬೇರೆ ಬೇರೆ ಎಳೆಯಿರಿ. ಒಂದರ ಕೆಳಗೊಂದು ಇಟ್ಟು, ಕುಸಿತದ ಜಾಗ ಗುರುತು ಹಾಕಿ ಇಲ್ಲಿ ಹಾಕಿ. ಕೂತು ನೋಡೋಣ.