ಕುವೈತ್‌ನಿಂದ ಬಂದವರಿಗೆ ಶುಗರ್: ಅಲ್ಲಿನ ಊಟ ಅಷ್ಟು ಬದಲಾಗಿದೆಯಾ?

ಸಂತೆಕಟ್ಟೆಯವಳು:
ನಮ್ಮ ಯಜಮಾನರು ಕುವೈತ್‌ನಲ್ಲಿ 14 ವರ್ಷ ಹೌಸ್ ಡ್ರೈವರ್ ಆಗಿದ್ದರು. ಹೋದ ತಿಂಗಳು ಊರಿಗೆ ಬಂದರು. ಉಡುಪಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸರಾಸರಿ ಶುಗರ್ 9.1 ಬಂತು. ವಯಸ್ಸು ಬರೀ 43. ಕೇಳಿದರೆ, "ನಾನು ಕೆಲಸ ಮಾಡಿದ ಮನೆಯವರಿಗೆಲ್ಲ ಇದೆ, ಅಲ್ಲಿ ಇದು ನೆಗಡಿ ಥರ" ಅಂತಾರೆ. ನನಗೆ ಹೆದರಿಕೆಯಾಗಿದೆ. ಖರ್ಜೂರ, ಒಂಟೆ ಹಾಲು ಅಂತ ಗಟ್ಟಿಮುಟ್ಟಾಗಿದ್ದ ಜನ ಅಲ್ವಾ ಅರಬರು? ಅವರಿಗೆ ಯಾಕೆ ಹೀಗಾಯಿತು? ಅಲ್ಲಿದ್ದು ಬಂದವರು ಹೇಳಿ. ಇವರಿಗೂ ಓದಿಸುತ್ತೇನೆ.

ಕಾಪುವಿನ ಅಡುಗೆಯವ:
ತಂಗಿ, ನಾನು ಕುವೈತ್‌ನ ಒಂದೇ ಮನೆಯಲ್ಲಿ 1993ರಿಂದ 2015ರವರೆಗೆ ಅಡುಗೆ ಮಾಡಿದವನು. ಆ ಮನೆಯ ಊಟ ಬದಲಾದದ್ದು ನನ್ನ ಕೈಯಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ತಂದೆ ಹಾಯಿ ಹಡಗಿನವರು. ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೆ ಬಂದು ಮರ ಒಯ್ಯುತ್ತಿದ್ದರಂತೆ. ನಾನು ಮಂಗಳೂರು ಕಡೆಯವನು ಅಂದಾಗ ಅಜ್ಜಿಯ ಮುಖ ಅರಳಿತ್ತು. ಅವರಿಗೆ ಬೆಳಿಗ್ಗೆ ಮೂರು ಖರ್ಜೂರ, ಸಕ್ಕರೆ ಇಲ್ಲದ ಏಲಕ್ಕಿ ಕಾಫಿ. ಮಧ್ಯಾಹ್ನ ಮೀನು, ಸ್ವಲ್ಪ ಅನ್ನ. ರಾತ್ರಿ ಲಬನ್, ಅಂದರೆ ನಮ್ಮ ಮಜ್ಜಿಗೆಯಂಥದ್ದು. ಹಿಂದೆ ಮುತ್ತಿಗಾಗಿ ಕಡಲಿಗೆ ಮುಳುಗುವವರು ಹಗಲೆಲ್ಲ ಖರ್ಜೂರ, ಕಾಫಿಯಲ್ಲೇ ಇದ್ದು ರಾತ್ರಿ ಮಾತ್ರ ಮೀನು ಅನ್ನ ಉಣ್ಣುತ್ತಿದ್ದರಂತೆ.

ಕುವೈತ್‌ನ ಕಚ್ಚಾ ಎಣ್ಣೆ 1946ರಲ್ಲಿ ಮೊದಲ ಸಲ ಹಡಗು ಹತ್ತಿತು. ದುಡ್ಡು ಬಂತು. ಅಕ್ಕಿ, ಸಕ್ಕರೆ, ಅಡುಗೆ ಎಣ್ಣೆಯನ್ನು ಅಲ್ಲಿನ ಜನಕ್ಕೆ ಸರಕಾರವೇ ರೇಷನ್ನಿನಲ್ಲಿ ಅಗ್ಗಕ್ಕೆ ಕೊಡುತ್ತದೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ನಾಲ್ಕು ಜನ. ಮನೆಯವರು ಒಂದು ಲೋಟ ನೀರಿಗೂ ಏಳಬೇಕಾಗಿರಲಿಲ್ಲ. ಬೇಸಿಗೆಯಲ್ಲಿ 50 ಡಿಗ್ರಿ ಹತ್ತಿರ ಬಿಸಿಲು, ನಡೆಯುವುದೆಲ್ಲಿ? ರಾತ್ರಿ ದಿವಾನಿಯಾದಲ್ಲಿ ಗಂಡಸರು ಕೂತು ಮಾತಾಡುವಾಗ ಸಕ್ಕರೆ ಚಹಾ ಸುತ್ತು ಸುತ್ತಾಗಿ ಹೋಗುತ್ತಿತ್ತು. 11 ಗಂಟೆಗೆ ದೊಡ್ಡ ಹರಿವಾಣದಲ್ಲಿ ಮಚ್‌ಬೂಸ್, ತುಪ್ಪದಲ್ಲಿ ಹೊಳೆಯುವ ಬಾಸ್ಮತಿ ಅನ್ನದ ಮೇಲೆ ಕುರಿ ಮಾಂಸ. ಮಕ್ಕಳಿಗೆ ಅದೂ ಬೇಡ, ಬರ್ಗರ್ ಮತ್ತು ಕೋಲಾ ಬಾಗಿಲಿಗೇ ಬರುತ್ತಿತ್ತು.

ನನಗೆ ಮರೆಯಲಾಗದ್ದು ಫ್ರಿಜ್ ಬಾಗಿಲು. ಮೊಟ್ಟೆ ಇಡುವ ಜಾಗದಲ್ಲಿ ಮೊದಲು ಶುಗರ್‌ಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ ಒಂದೇ ಇತ್ತು, ಯಜಮಾನರದ್ದು. ನಾನು ಬಿಟ್ಟು ಬರುವಾಗ ಮೂರು ಇದ್ದವು, ಹೆಸರು ಬರೆದ ಚೀಟಿ ಅಂಟಿಸಿ. ಅಜ್ಜಿಯ ಹೆಸರು ಅದರಲ್ಲಿರಲಿಲ್ಲ. ಮೊಮ್ಮಗ 22ಕ್ಕೇ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡ. ಆ ಹುಡುಗ ಚಿಕ್ಕವನಿದ್ದಾಗ ಎತ್ತಿ ಆಡಿಸಿದ್ದೆ.

ಕಂಕನಾಡಿ ನರ್ಸ್:
ಅಣ್ಣ ಹೇಳಿದ್ದು ನಿಜ. ಕುವೈತ್‌ನಲ್ಲಿ ದೊಡ್ಡವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ನಾನು ಸೌದಿಯಲ್ಲಿದ್ದೆ. ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿದ್ದೇ ಜಾಸ್ತಿ. ಈ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋಗಿ, ಚಪ್ಪಲಿಯೊಳಗೆ ಕಲ್ಲು ಸೇರಿ ಗಾಯವಾದದ್ದೂ ಗೊತ್ತಾಗದೆ ಬರುತ್ತಿದ್ದರು. ಅಲ್ಲಿಯವರೂ ಸುಮ್ನೆ ಕೂತಿಲ್ಲ. 2017ರಲ್ಲಿ ಸೌದಿ, ಯುಎಇ ಎರಡೂ ಕೋಲಾದಂಥ ಪಾನೀಯಕ್ಕೆ 50%, ಎನರ್ಜಿ ಡ್ರಿಂಕ್‌ಗೆ 100% ತೆರಿಗೆ ಹಾಕಿದವು. ಕತಾರ್‌ನಲ್ಲಿ 2012ರಿಂದ ಫೆಬ್ರವರಿಯ ಎರಡನೇ ಮಂಗಳವಾರ ಕ್ರೀಡಾ ದಿನ, ರಜೆ.

ಅಕ್ಕ, ಇದು ನೆಗಡಿ ಅಲ್ಲ ಅಂತ ಯಜಮಾನರಿಗೆ ಹೇಳಿ. ಕಣ್ಣು, ಕಾಲು ಎರಡೂ ತೋರಿಸಿ. ಮಾತ್ರೆ ನಿಲ್ಲಿಸಬೇಡಿ. ಖರ್ಜೂರ ಒಳ್ಳೆಯದು ಅಂತ ಬಟ್ಟಲು ತುಂಬ ತಿನ್ನುವುದೂ ಬೇಡ.

ಸಂತೆಕಟ್ಟೆಯವಳು:
ಓದಿಸಿದೆ. ಫ್ರಿಜ್ ಬಾಗಿಲಿನ ವಿಷಯ ಬಂದಾಗ ಸುಮ್ಮನಾದರು. ಆಮೇಲೆ ಅವರೇ ಬಾಯಿಬಿಟ್ಟರು. ಗಾಡಿಯಲ್ಲಿ ಕಾಯುವಾಗ ದಿನಕ್ಕೆ ಆರು ಕರಕ್ ಚಹಾ (ಹಾಲು, ಸಕ್ಕರೆ ಹಾಕಿ ಕುದಿಸಿದ ಗಟ್ಟಿ ಚಹಾ), ದಿವಾನಿಯಾ ಮುಗಿದ ಮೇಲೆ ರಾತ್ರಿ 1 ಗಂಟೆಗೆ ಉಳಿದ ಮಚ್‌ಬೂಸ್. ನಾಳೆ ಕಾಲು ತೋರಿಸಲು ಹೋಗುತ್ತೇವೆ. ಅಣ್ಣ, ಆ ಅಜ್ಜಿಗೆ ಮೀನು ಹೇಗೆ ಮಾಡಿ ಕೊಡುತ್ತಿದ್ದಿರಿ?

ಕಾಪುವಿನ ಅಡುಗೆಯವ:
ಉಪ್ಪು, ಅರಸಿನ, ಒಣಗಿಸಿದ ನಿಂಬೆಯ ಪುಡಿ ಸವರಿ ಕೆಂಡದ ಮೇಲೆ ಸುಡುತ್ತಿದ್ದೆ. ಎಣ್ಣೆ ಇಲ್ಲ. ನಮ್ಮ ಬಂಗುಡೆಗೂ ಚೆನ್ನಾಗಿ ಹಿಡಿಯುತ್ತದೆ. ಒಣ ನಿಂಬೆ ಸಿಗದಿದ್ದರೆ ಪುನರ್ಪುಳಿ ಹಾಕಿ. ಅನ್ನ ಅಜ್ಜಿಗೆ ಒಂದೇ ಸೌಟು, ಎರಡನೆಯದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು.