ಅಪ್‌ಡೇಟ್: 24 ಇಂಚಿನ ಬಾರಿನಾಗ ಚೈನ್ ವಾಲೋದು ನಿಂತದ

ಹೋದ ವಾರ ಕೇಳಿದ್ದೆ: 70 ಸಿಸಿ ಚೈನ್‌ಸಾಗೆ (ಮರ ಕೊಯ್ಯೋ ಮಷಿನ್) ಬೆಳಗಾವಿಯಾಗ ಹೊಸ ಚೈನ್ ತಂದು ಹಾಕಿದ್ರ ಬಾರಿನ (ಚೈನ್ ಸುತ್ತಿ ಓಡೋ ಉದ್ದನೆ ಪಟ್ಟಿ) ತೋಡಿನಾಗ ಅತ್ತಿತ್ತ ವಾಲ್ತದ, ಹುಣಸಿ ದಿಮ್ಮಿ ಸೀಳುವಾಗ ಕೊಯ್ತ ಸೊಟ್ಟ ಹೋಗ್ತದ ಅಂತ.

ಅದಕ್ಕ ಬಂದ ಉತ್ತರದಾಗ "ಇನ್ನಷ್ಟು ಬಿಗಿ ಮಾಡ್ರಿ" ಅಂದದ್ದು ಕೆಲಸಕ್ಕ ಬರಲಿಲ್ಲ, ಬಾರ್ ಕಾದು ಬಿಸಿ ಆತು ಅಷ್ಟ. ಲಿಂಕ್ ಎಣಿಸ್ರಿ ಅಂದವರದೂ ಖರೆ ಆಗಲಿಲ್ಲ. 84 ಡ್ರೈವ್ ಲಿಂಕ್ (ಬಾರಿನ ತೋಡಿನಾಗ ಕೂಡೋ ಕೊಂಡಿ) ಸರಿನ ಇದ್ದವು. ಪಿಚ್ಚೂ (ಚೈನಿನ ಕೊಂಡಿ ಅಂತರದ ಅಳತಿ) ಸರಿ: ಸಾಲಾಗಿ ಮೂರು ರಿವೆಟ್ ನಡುವಿನ ಅಂತರ 19 ಮಿ.ಮೀ., ಅದರ ಅರ್ಧ ಅಂದ್ರ 3/8 ಇಂಚು. (.404 ಇಂಚಿನ ಪಿಚ್ ಆಗಿದ್ರ ಸುಮಾರು 20.5 ಮಿ.ಮೀ. ಬರ್ತಿತ್ತು, ಆಗ ಚೈನ್ ತಿರುಗಿಸೋ ಹಲ್ಲಿನ ಗಾಲಿ, ಸ್ಪ್ರಾಕೆಟ್ಟೂ ಬದಲಿಸಬೇಕು.)

ಗೇಜ್ (ಡ್ರೈವ್ ಲಿಂಕಿನ ದಪ್ಪ, ಬಾರಿನ ತೋಡಿನ ಅಗಲ) ನೋಡ್ರಿ ಅಂದವರದ ಖರೆ ಆತು. ಬಾರಿನ ಬುಡದಾಗ ಎಣ್ಣಿ-ಹೊಟ್ಟು ಒರಸಿ ನೋಡಿದ್ರ 1.6 (ಮಿ.ಮೀ.) ಅಂತ ಒತ್ತ್ಯಾರ. ಚೈನಿನ ಡ್ರೈವ್ ಲಿಂಕ್ ವರ್ನಿಯರ್‌ನಾಗ 1.5. ಹತ್ತನೇ ಒಂದು ಮಿಲಿಮೀಟರ್ ಏನು ಮಹಾ ಅನಸ್ತದ, ಆದ್ರ ಹಲ್ಲು ವಾಲಾಕ ಅಷ್ಟ ಸಾಕು. ತಿರುಗಾಮುರುಗಾ ಆಗಿದ್ರ, ಅಂದ್ರ 1.6ರ ಚೈನ್ 1.5ರ ಬಾರಿಗೆ, ಒಳಗ ಕೂಡೋದ ಇಲ್ಲ.

ಗೊತ್ತಿರಲಾರದ್ದು ಒಂದು: ಒರೆಗಾನ್ ಕಂಪನಿಯ 3/8 ಚೈನಿನ ಲಿಂಕ್ ಮ್ಯಾಲ 72, 73, 75 ಅಂತ ಇರೋದು ಉದ್ದ ಅಲ್ಲ, ಗೇಜ್ 1.3, 1.5, 1.6 ಅಂತ. ನನ್ನದ್ರಾಗ 73 ಇತ್ತು. 75 ತಂದು ಹಾಕಿದೆ, ಕೊಯ್ತ ನೆಟ್ಟಗ ಬರಾಕ್ಹತ್ತದ.

ಅಂಗಡಿಗೆ ಹೋದಾಗ ಬರೇ "24 ಇಂಚು" ಅನಬ್ಯಾಡ್ರಿ. ಪಿಚ್, ಗೇಜ್, ಲಿಂಕ್ ಮೂರೂ ಬರಕೊಂಡು ಹೋಗ್ರಿ. ಹಲ್ಲು ಹರಿತ ಮಾಡೋ ಹಳೇ 5.5 ಮಿ.ಮೀ. ದುಂಡನೆ ಅರ ಈ ಚೈನಿಗೂ ನಡೀತದ.