68ರ ಅಮ್ಮನಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಾ?

ತುಂಗಾತೀರ:
ಮಂಡಿನೋವಿಗೆಂದು ಅಮ್ಮನಿಗೆ ಕ್ಯಾಲ್ಸಿಯಂ 500 ಬೆಳಗ್ಗೆ ಒಂದು, ರಾತ್ರಿ ಒಂದು ಬರೆದಿದ್ದಾರೆ. ಬೆಳಗಿನದನ್ನು ಥೈರಾಯ್ಡ್ ಮಾತ್ರೆ ಜೊತೆಗೇ ಬರಿಹೊಟ್ಟೆಯಲ್ಲಿ ನುಂಗುತ್ತಾರೆ. ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ಕೂಡ ಇದೆ. ಈಗ ಮಲಬದ್ಧತೆ ಶುರುವಾಗಿದೆ. ಊಟಕ್ಕೆ ದಿನಕ್ಕೊಂದು ಮುದ್ದೆ, ಹಾಲು ಮೊಸರು ಸೇರಿ ಎರಡು ಲೋಟ. ಮಾತ್ರೆ ಬೇಕೇ ಬೇಕಾ?

ರಾಗಿಕಾಳು:
ಮೊದಲು ಊಟದ ಲೆಕ್ಕ ಹಾಕಿ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿ.ಗ್ರಾಂ ಬೇಕು. 80 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಹತ್ತಿರ ಹತ್ತಿರ 290, 400 ಮಿ.ಲೀ. ಹಾಲು-ಮೊಸರಲ್ಲಿ 480, ಬೇಳೆ ಸೊಪ್ಪು ಎಲ್ಲ ಸೇರಿ ಇನ್ನೊಂದು 150. ಅಲ್ಲಿಗೆ 900 ದಾಟಿತು. ರಾಗಿಯಲ್ಲಿ ಫೈಟೇಟ್ ಇರುವುದರಿಂದ ಅದರದ್ದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದ ಹಿಟ್ಟಾದರೆ ವಾಸಿ. ಸಿಪ್ಪೆ ಸಹಿತ ಎಳ್ಳಿನ ಚಟ್ನಿಪುಡಿ ಒಂದು ದೊಡ್ಡ ಚಮಚ ಹಾಕಿಕೊಂಡರೆ ಮತ್ತೆ 100ರಷ್ಟು. ಪಾಲಕ್ ನಂಬಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚೆಂದರೆ ಒಂದು ಮಾತ್ರೆ ಸಾಕು, ಎರಡು ಯಾಕೋ ತಿಳಿಯಲಿಲ್ಲ. ಅಂದಹಾಗೆ, ಸವೆದ ಮಂಡಿಯ ನೋವಿಗೆ ಕ್ಯಾಲ್ಸಿಯಂ ಮದ್ದೇ ಅಲ್ಲ.

ಔಷಧಪೆಟ್ಟಿಗೆ:
ಅದಕ್ಕಿಂತ ತುರ್ತಿನದು ಬೆಳಗಿನ ಮಾತ್ರೆ. ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆಯ ಔಷಧಿ) ಜೊತೆ ಹೋದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ಹೀರದಂತೆ ಮಾಡುತ್ತದೆ. ಆಮೇಲೆ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಕ್ಸಿನ್ ಸಾಲದಿದ್ದರೆ ಏರುವ ಹಾರ್ಮೋನು) ಏರಿತೆಂದು ಥೈರಾಯ್ಡ್ ಡೋಸ್ ಹೆಚ್ಚಿಸುತ್ತಾರೆ! ನಡುವೆ 4 ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್ ಜೊತೆಗೂ ಬೇಡ.

ಮಾತ್ರೆ ಪಟ್ಟಿಯ ಹಿಂದೆ ಓದಿ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಎಂದಿದ್ದರೆ ನಿಜವಾದ ಕ್ಯಾಲ್ಸಿಯಂ 500. ಇದು ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ. ನಿಮ್ಮ ತಾಯಿಯವರಿಗೆ ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಅದಕ್ಕೆ ಊಟದ ಹಂಗಿಲ್ಲ, ಮಲಬದ್ಧತೆಯೂ ಕಡಿಮೆ. ಆದರೆ ಸಿಟ್ರೇಟ್ 1000 ಎಂದಿದ್ದರೆ ಕ್ಯಾಲ್ಸಿಯಂ 210 ಅಷ್ಟೇ. ಯಾವುದೇ ಆದರೂ ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಕೊಟ್ಟರೆ ಹೀರುವ ಪ್ರಮಾಣ ಇಳಿಯುತ್ತದೆ.

ತುಂಗಾತೀರ:
ಥ್ಯಾಂಕ್ಸ್ ಸರ್. ವಿಟಮಿನ್ ಡಿ 60,000 ಪುಡಿಯನ್ನೂ ಕೊಟ್ಟಿದ್ದಾರೆ, ದಿನಾ ಕೊಡಬಹುದಾ?

ಮೂಳೆಮಾತು:
ದಿನಾ ಕೊಡಲೇಬೇಡಿ! ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ, ಆಮೇಲೆ ತಿಂಗಳಿಗೊಂದು. ಚೀಟಿಯಲ್ಲಿ ಏನಿದೆ ಮತ್ತೆ ನೋಡಿ. ದಿನಾ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಂಕು, ಕೊನೆಗೆ ಕಿಡ್ನಿಗೆ ಪೆಟ್ಟು.

ಮಾತ್ರೆಯಿಂದ ಮೂಳೆ ಮುರಿಯುವುದು ತಪ್ಪುತ್ತದಾ ಅಂದರೆ, ಯಾರಿಗೆ ಎಂಬುದರ ಮೇಲಿದೆ. 1992ರ ಫ್ರಾನ್ಸಿನ ಅಧ್ಯಯನದಲ್ಲಿ ವೃದ್ಧಾಶ್ರಮದ ಅಜ್ಜಿಯರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ಡಿ ಕೊಟ್ಟಾಗ ಸೊಂಟದ ಮೂಳೆ ಮುರಿತ ಸ್ಪಷ್ಟವಾಗಿ ಇಳಿಯಿತು. ಮನೆಯಲ್ಲಿ ಓಡಾಡಿಕೊಂಡಿದ್ದ ಅಮೆರಿಕದ 36,282 ಹೆಂಗಸರಲ್ಲಿ ಅಂಥ ಲಾಭ ಖಚಿತವಾಗಲಿಲ್ಲ, ಕಿಡ್ನಿ ಕಲ್ಲು ಮಾತ್ರ 17% ಹೆಚ್ಚಿತು. ಅಮ್ಮನಿಗೆ ಹಿಂದೆ ಕಲ್ಲಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ರಕ್ತದ ಕ್ಯಾಲ್ಸಿಯಂ ನಾರ್ಮಲ್ ಬಂದರೆ ಮೂಳೆ ಗಟ್ಟಿ ಎಂದಲ್ಲ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಬರೀ ಕ್ಯಾಲ್ಸಿಯಂ ಸಾಲದು, ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್‌ನಂಥ ಔಷಧಿ ಬೇಕಾಗಬಹುದು. ಅದನ್ನು ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಕ್ಯಾಲ್ಸಿಯಂ ಅದಾದ ಮೇಲೆಯೇ.